ಗದ್ದೆಗೆ ಹೋಗದ ನಾಲೆ

ನಾಲೆಯ ಏರಿಯ ಮೇಲೆ ನಡೆಯುವುದೂ ಒಂದು ಹವ್ಯಾಸವಾಗಬಹುದು ಎಂಬುದು ಅಮೆರಿಕಕ್ಕೆ ಬರುವವರೆಗೆ ನನಗೆ ಗೊತ್ತಿರಲಿಲ್ಲ. ಮಂಡ್ಯದ ಕಡೆ ಏರಿಯ ಮೇಲೆ ಓಡಾಡುವವರಿಗೆ ಏನಾದರೊಂದು ಕೆಲಸವಿರುತ್ತದೆ. ತೂಬು ನೋಡಬೇಕು, ಹಸು ಮೇಯಿಸಬೇಕು, ಬಟ್ಟೆ ಒಗೆಯಬೇಕು, ಇಲ್ಲವೇ ಮೇಲಿನ ಊರಿನವರು ರಾತ್ರೋರಾತ್ರಿ ನೀರು ತಿರುಗಿಸಿಕೊಂಡರೇ ಎಂದು ಪತ್ತೆ ಹಚ್ಚಬೇಕು. ಸುಮ್ಮನೆ ನಡೆಯುತ್ತಿದ್ದೇನೆ ಎಂದು ಯಾರಾದರೂ ಹೇಳಿದರೆ ಅವರ ಮನೆಯಲ್ಲಿ ಏನೋ ಜಗಳವಾಗಿರಬೇಕು ಎಂದುಕೊಳ್ಳುತ್ತಾರೆ. ಇಲ್ಲಿ ವಾಷಿಂಗ್ಟನ್ನಿನ ಸುತ್ತಮುತ್ತ, ಶನಿವಾರ ಬೆಳಗಾದರೆ ಸಾಕು, ಬೆನ್ನಿಗೆ ಚೀಲ ಏರಿಸಿಕೊಂಡ ಜನ ಚೆಸಪೀಕ್ ಮತ್ತು ಒಹಾಯೊ ಎಂಬ ಒಂದು ಹಳೆಯ ಕಾಲುವೆಯ ದಂಡೆಗೆ ಸಾಲುಗಟ್ಟಿ ಬರುತ್ತಾರೆ. ಅವರಿಗೆ ಅಲ್ಲಿ ಯಾವ ಕೆಲಸವೂ ಇಲ್ಲ. ಕೆಲವು ವರ್ಷಗಳಿಂದ ನಾನೂ ಆ ಕೆಲಸವಿಲ್ಲದವರ ಪೈಕಿ. ಆದರೆ ಹೋದ ಸೆಪ್ಟೆಂಬರ್ ಕೊನೆಯಲ್ಲಿ, ಊರಿನಿಂದ ಬಂದಿದ್ದ ಅಪ್ಪನನ್ನು ಅದೇ ದಾರಿಯಲ್ಲಿ ಕರೆದುಕೊಂಡು ಹೋಗಿ ಬಂದ ಮೇಲೆ, ಇಷ್ಟು ದಿನ ನಾನು ನಡೆದದ್ದು ಯಾವುದರ ಮೇಲೆ ಎಂಬ ಪ್ರಶ್ನೆ ತಲೆಯಿಂದ ಇಳಿಯುತ್ತಿಲ್ಲ.

ನಾವು ಹೋದದ್ದು ಹಾರ್ಪರ್ಸ್ ಫೆರಿಗೆ. ವೆಸ್ಟ್ ವರ್ಜೀನಿಯಾದ ಪೂರ್ವದ ತುದಿಯಲ್ಲಿ, ಶೆನಾಂಡೋವಾ ನದಿ ಬಂದು ಪೊಟೊಮ್ಯಾಕ್ ನದಿಯನ್ನು ಸೇರುವ ಮೂಲೆಯಲ್ಲಿರುವ ಪುಟ್ಟ ಊರು ಅದು. ಹಳೆಯ ಪೇಟೆ ಬೀದಿ ಮುಗಿಯುವಲ್ಲಿ ರೈಲ್ವೆ ಸೇತುವೆ, ಅದರ ಮಗ್ಗುಲಿಗೇ ಜೋಡಿಸಿದ ಕಾಲುಸೇತುವೆ. 2019ರ ಡಿಸೆಂಬರ್‌ನಲ್ಲಿ ಗೂಡ್ಸ್ ರೈಲೊಂದು ಇಲ್ಲಿ ಹಳಿ ತಪ್ಪಿ ಬೋಗಿಗಳು ನದಿಗೆ ಬಿದ್ದಾಗ ಈ ಕಾಲುಸೇತುವೆಯೂ ಜಖಂಗೊಂಡು ಮುಂದಿನ ಜುಲೈವರೆಗೆ ಮುಚ್ಚಿತ್ತು. ಸೇತುವೆ ದಾಟಿ ಕಬ್ಬಿಣದ ಸುರುಳಿ ಮೆಟ್ಟಿಲು ಇಳಿದರೆ ಮೇರಿಲ್ಯಾಂಡ್ ರಾಜ್ಯ. ಎಡಕ್ಕೆ ನದಿ, ಬಲಕ್ಕೆ ಕಾಲುವೆ, ನಡುವೆ ಸುಮಾರು ಹನ್ನೆರಡು ಅಡಿ ಅಗಲದ ಮಣ್ಣಿನ ಏರಿ. ಅದರ ಮೇಲೆ ಸ್ವಲ್ಪ ದೂರ ನಡೆದು, ಕಾಲುವೆಯನ್ನೂ ರಸ್ತೆಯನ್ನೂ ದಾಟಿ, ಮೇರಿಲ್ಯಾಂಡ್ ಹೈಟ್ಸ್ ಎಂಬ ಬೆಟ್ಟ ಹತ್ತಿ, ನದಿಯ ಕಡೆಗೆ ಚಾಚಿಕೊಂಡಿರುವ ಬಂಡೆಯ ತುದಿಗೆ ಹೋಗುವುದು. ಪೇಟೆಯಿಂದ ಹೋಗಿ ಬರಲು ಏಳು ಕಿಲೋಮೀಟರ್ ದಾಟುತ್ತದೆ.

ಅಪ್ಪ ಮೆಟ್ಟಿಲಿಳಿದು ಕಾಲುವೆಯನ್ನು ನೋಡಿದರು. ಕಾಲುವೆ ಎಂದರೆ ಅಲ್ಲಿ ಉಳಿದಿರುವುದು ಒಂದು ಉದ್ದನೆಯ ತಗ್ಗು. ಅದರೊಳಗೆ ಆಳೆತ್ತರದ ಗಿಡಗಳು, ಎರಡಾಳು ತಬ್ಬುವ ಮರಗಳು, ಅಲ್ಲಲ್ಲಿ ಪಾಚಿಗಟ್ಟಿದ ನೀರು. ನಾನು ಇತಿಹಾಸ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು, "ಹೂಳೇ ಎತ್ತಿಸಿಲ್ಲವಲ್ಲ" ಎಂದರು. ಆಮೇಲೆ ಎಕರೆಯ ಲೆಕ್ಕ ಕೇಳಿದರು. ಇದು ಗದ್ದೆಗೆ ನೀರು ಕೊಡಲು ತೋಡಿದ್ದಲ್ಲ, ದೋಣಿಗಳು ಓಡಾಡಲು ತೋಡಿದ್ದು ಎಂದೆ.

"ಒಂದು ಎಕರೆಗೂ ಇಲ್ಲವೇ?"

"ಇಲ್ಲ."

"ಪಕ್ಕದಲ್ಲೇ ಅಷ್ಟು ದೊಡ್ಡ ನದಿ ಇದೆ. ಅದರಲ್ಲಿ ದೋಣಿ ಓಡಿಸಲು ಏನಾಗಿತ್ತು?"

ಇದು ಸರಿಯಾದ ಪ್ರಶ್ನೆ. ಪೊಟೊಮ್ಯಾಕ್ ನೋಡಲು ದೊಡ್ಡದು, ಆದರೆ ಇಲ್ಲಿ ಬಂಡೆಗಳ ಮೇಲೆ ಹರಿಯುವ ನದಿ. ಮಳೆಗಾಲದಲ್ಲಿ ದೋಣಿ ಒಡೆಯುತ್ತದೆ, ಬೇಸಿಗೆಯಲ್ಲಿ ತಳ ತಾಗುತ್ತದೆ. ಆದ್ದರಿಂದ ನದಿಯನ್ನು ಬಿಟ್ಟು ಅದರ ಮಗ್ಗುಲಲ್ಲೇ ಇನ್ನೊಂದು ನಿಂತ ನೀರಿನ ನದಿ ಮಾಡಿದರು. ವಾಷಿಂಗ್ಟನ್ನಿನ ಜಾರ್ಜ್‌ಟೌನ್‌ನಿಂದ ಕಂಬರ್ಲ್ಯಾಂಡ್‌ವರೆಗೆ 184.5 ಮೈಲಿ, ಅಂದರೆ ಸುಮಾರು 297 ಕಿಲೋಮೀಟರ್. 605 ಅಡಿ ಎತ್ತರವನ್ನು ಹತ್ತಿಸಲು 74 ಲಾಕ್‌ಗಳು, ಅಂದರೆ ನೀರು ತುಂಬಿಸಿ ದೋಣಿಯನ್ನು ಮೇಲಕ್ಕೆತ್ತುವ ಬಾಗಿಲಿನ ತೊಟ್ಟಿಗಳು, ಉಪನದಿಗಳನ್ನು ದಾಟಿಸಲು 11 ಮೇಲ್ಗಾಲುವೆಗಳು, ಒಂದು ಕಡೆ ಗುಡ್ಡವನ್ನೇ ಕೊರೆದು 3,118 ಅಡಿಯ ಸುರಂಗ. ಸುರಂಗದ ವಿಷಯ ಬಂದಾಗ ಅಪ್ಪ ತಲೆಯಾಡಿಸಿದರು. ವಿಶ್ವೇಶ್ವರಯ್ಯ ನಾಲೆಯ ಹುಲಿಕೆರೆ ಸುರಂಗ ಹಾದು ಬಂದ ನೀರು ಕುಡಿದು ಬೆಳೆದವರಿಗೆ ಸುರಂಗ ಅರ್ಥವಾಗುತ್ತದೆ.

ಒಂದೇ ದಿನ ಎರಡು ಗುದ್ದಲಿ ಪೂಜೆ

ಚೆಸಪೀಕ್ ಮತ್ತು ಒಹಾಯೊ ಕಾಲುವೆಯ ಕತೆಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಅದರ ಹುಟ್ಟುಹಬ್ಬ. 1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಬಂದು ಮೊದಲ ಗುದ್ದಲಿ ಹಾಕಿದರು. ಅದು ಬೇರಿಗೆ ತಗುಲಿ ಒಳಗೆ ಇಳಿಯಲಿಲ್ಲ. ಮತ್ತೆ ಹಾಕಿದರು, ಇಳಿಯಲಿಲ್ಲ. ಕೊನೆಗೆ ಅಧ್ಯಕ್ಷರು ಕೋಟು ಕಳಚಿಟ್ಟು ಬಲವಾಗಿ ಹಾಕಿ ಮಣ್ಣೆತ್ತಿದಾಗ ಜನ ಚಪ್ಪಾಳೆ ಹೊಡೆದರಂತೆ. ಬಿಗಿಮೋರೆಯ ಆ ಮನುಷ್ಯನಿಗೆ ಜನ ಅಷ್ಟು ಮನಸಾರೆ ಚಪ್ಪಾಳೆ ಹೊಡೆದ ಸಂದರ್ಭಗಳು ಹೆಚ್ಚಿಲ್ಲ. ಅದೇ ದಿನ ಬಾಲ್ಟಿಮೋರ್‌ನಲ್ಲಿ ಇನ್ನೊಂದು ಪೂಜೆ ನಡೆಯುತ್ತಿತ್ತು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಆಗ ಬದುಕಿದ್ದ ಒಬ್ಬರೇ ಒಬ್ಬರು, ತೊಂಬತ್ತರ ಚಾರ್ಲ್ಸ್ ಕ್ಯಾರಲ್, ಬಾಲ್ಟಿಮೋರ್ ಮತ್ತು ಒಹಾಯೊ ರೈಲ್ವೆಗೆ ಮೊದಲ ಕಲ್ಲು ನೆಟ್ಟರು. ಎರಡಕ್ಕೂ ಗುರಿ ಒಂದೇ, ಒಹಾಯೊ ನದಿ. ಪಶ್ಚಿಮದ ಸರಕು ಯಾರ ಬಂದರಿಗೆ ಇಳಿಯಬೇಕು ಎಂಬ ಪೈಪೋಟಿ.

ಪೈಪೋಟಿ ನಿಜವಾಗಿ ಬಿಗಿಯಾದದ್ದು ಹಾರ್ಪರ್ಸ್ ಫೆರಿಗಿಂತ ಸ್ವಲ್ಪ ಕೆಳಗೆ, ಪಾಯಿಂಟ್ ಆಫ್ ರಾಕ್ಸ್ ಎಂಬಲ್ಲಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನದಿ, ನಡುವಿನ ಪಟ್ಟಿ ತೀರಾ ಕಿರಿದು. ಕಾಲುವೆಯವರು ಮೊದಲು ಹಕ್ಕು ತಮ್ಮದೆಂದರು, ರೈಲಿನವರು ತಮ್ಮದೆಂದರು. ವ್ಯಾಜ್ಯ ಕೋರ್ಟಿಗೆ ಹೋಗಿ 1832ರಲ್ಲಿ ಕಾಲುವೆಯ ಪರವಾಗಿ ತೀರ್ಪಾಯಿತು. ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮಲ್ಲಿ ಕೋರ್ಟಿನ ಬಗ್ಗೆ ಹೇಳುತ್ತಾರೆ. ಇಲ್ಲಿ ಗೆದ್ದವನು ಸೋತದ್ದೇನೋ ನಿಜ, ಸೋತವನು ಮಾತ್ರ ಸಾಯಲಿಲ್ಲ. ರೈಲು 1842ರಲ್ಲಿ ಕಂಬರ್ಲ್ಯಾಂಡ್ ಮುಟ್ಟಿತು. ಕಾಲುವೆ ಮುಟ್ಟಿದ್ದು 1850ರಲ್ಲಿ. ಮುಂದಿನ ಬೆಟ್ಟಗಳನ್ನು ದಾಟಿ ಒಹಾಯೊ ನದಿಯ ದಡದ ಪಿಟ್ಸ್‌ಬರ್ಗ್‌ಗೆ ಹೋಗುವ ಯೋಜನೆಯನ್ನು ಅಲ್ಲಿಗೇ ಕೈಬಿಟ್ಟರು. ಹೆಸರಿನಲ್ಲಿ ಮಾತ್ರ ಒಹಾಯೊ ಉಳಿಯಿತು. ಅಷ್ಟರಲ್ಲಿ ಕಾಸು ಎಷ್ಟು ಹೋಯಿತು ಎನ್ನುವುದಕ್ಕಿಂತ ಜನ ಎಷ್ಟು ಹೋದರು ಎಂಬುದು ಮುಖ್ಯ. ತೋಡಿದವರಲ್ಲಿ ಬಹಳ ಮಂದಿ ಐರ್ಲೆಂಡಿನಿಂದ ಬಂದ ಕೂಲಿಗಳು. 1832ರ ಕಾಲರಾ ಈ ದಂಡೆಯ ಶಿಬಿರಗಳಲ್ಲೇ ಹೊಕ್ಕಿತು.

ಹಾಗೆಂದು ಕಾಲುವೆ ತಕ್ಷಣ ಮುಚ್ಚಲಿಲ್ಲ. ಹಲವು ದಶಕ ಕಲ್ಲಿದ್ದಲು ಹೊತ್ತಿತು. ಒಂದೊಂದು ದೋಣಿಯಲ್ಲಿ ನೂರಿಪ್ಪತ್ತು ಟನ್‌ವರೆಗೆ. ಎಳೆಯುವುದು ಹೇಸರಗತ್ತೆಗಳು. ನಾವು ನಡೆಯುತ್ತಿದ್ದ ಏರಿ ಅವುಗಳ ದಾರಿ, ಇವತ್ತಿಗೂ ಅದನ್ನು ಟೋಪಾಥ್ ಎಂದೇ ಕರೆಯುತ್ತಾರೆ. ಎರಡೋ ಮೂರೋ ಎಳೆಯುವಾಗ ಉಳಿದವು ದೋಣಿಯ ಮುಂಭಾಗದ ಕೊಟ್ಟಿಗೆಯಲ್ಲಿ ನಿಂತು ಹುಲ್ಲು ತಿನ್ನುತ್ತಿದ್ದವು, ಆಮೇಲೆ ಅದಲುಬದಲು. ದೋಣಿಯಲ್ಲೇ ಸಂಸಾರ. ಹೇಸರಗತ್ತೆಗಳ ಹಿಂದೆ ದಿನವಿಡೀ ನಡೆಯುತ್ತಿದ್ದದ್ದು ಬಹುಪಾಲು ಮಕ್ಕಳು. ಅಪ್ಪನಿಗೆ ಹೇಸರಗತ್ತೆಗೂ ಪಾಳಿ ಇತ್ತು ಎಂಬುದು ಖುಷಿ ಕೊಟ್ಟಿತು. ಮಕ್ಕಳ ವಿಷಯಕ್ಕೆ ಅವರು ಏನೂ ಹೇಳಲಿಲ್ಲ. ಅವರೂ ಆ ವಯಸ್ಸಿನಲ್ಲಿ ಎತ್ತುಗಳ ಹಿಂದೆಯೇ ಇದ್ದವರು.

1889ರ ಪ್ರವಾಹ ಕಾಲುವೆ ಕಂಪನಿಯನ್ನು ದಿವಾಳಿ ಮಾಡಿತು. ಸಾಲಪತ್ರಗಳು ಹೆಚ್ಚಾಗಿ ಯಾರ ಕೈಯಲ್ಲಿದ್ದವು ಎಂದರೆ ಅದೇ ರೈಲ್ವೆಯ ಕೈಯಲ್ಲಿ. ಗೆದ್ದವನು ಸೋತವನ ಉಸಿರು ನಿಲ್ಲದಂತೆ ನೋಡಿಕೊಂಡ. ಕರುಣೆಯಿಂದಲ್ಲ, ಆ ದಂಡೆ ಬೇರೊಂದು ರೈಲು ಕಂಪನಿಯ ಪಾಲಾಗಬಾರದು ಎಂದು. 1924ರಲ್ಲಿ ಮತ್ತೆ ಪ್ರವಾಹ ಬಂದು ಏರಿ ಒಡೆದಾಗ ಸರಕು ಸಾಗಣೆಗೆಂದು ಅದನ್ನು ಮತ್ತೆ ಕಟ್ಟುವ ಉತ್ಸಾಹ ಯಾರಿಗೂ ಇರಲಿಲ್ಲ. 1938ರಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ಲಕ್ಷ ಡಾಲರ್ ಕೊಟ್ಟು ಇಡೀ ಕಾಲುವೆಯನ್ನು ಕೊಂಡಿತು.

ಕೊನೆ ಭಾಗದವರು

ನಮ್ಮ ಊರು ವಿಶ್ವೇಶ್ವರಯ್ಯ ನಾಲೆಯ ಒಂದು ಉಪನಾಲೆಯ ಕೊನೆ ಭಾಗದಲ್ಲಿದೆ. ಹೀಗೆಂದರೆ ಆ ಕಡೆಯವರಿಗೆ ಇನ್ನೇನೂ ವಿವರಿಸಬೇಕಾಗಿಲ್ಲ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಟ್ಟಿದ್ದಾರೆ ಎಂದು ಪತ್ರಿಕೆಯಲ್ಲಿ ಬರುತ್ತದೆ, ಕೃಷ್ಣರಾಜಸಾಗರದ ಮಟ್ಟ ಇಷ್ಟು ಅಡಿ ಎಂದು ರೇಡಿಯೋದಲ್ಲಿ ಬರುತ್ತದೆ, ನೀರು ಮಾತ್ರ ಬರುವುದಿಲ್ಲ. ಬಂದರೂ ನಡುರಾತ್ರಿ ಬರುತ್ತದೆ. ನನಗೆ ಹತ್ತು ಹನ್ನೊಂದು ವಯಸ್ಸಿದ್ದಾಗ ಅಂಥದೊಂದು ರಾತ್ರಿ ಅಪ್ಪ ನನ್ನನ್ನೂ ಎಬ್ಬಿಸಿಕೊಂಡು ಹೋದರು. ಅವರ ಹೆಗಲ ಮೇಲೆ ಗುದ್ದಲಿ, ನನ್ನ ಕೈಯಲ್ಲಿ ಬ್ಯಾಟರಿ. ಏರಿಯ ಮೇಲೆ ಮಾತಿಲ್ಲದೆ ನಡೆದೆವು. ಬ್ಯಾಟರಿ ಆರಿಸು ಎಂದರು. ಮುಂದಿನ ತೂಬಿನ ಹತ್ತಿರ ಯಾರೋ ಇಬ್ಬರು ಕುಳಿತಿದ್ದರು, ಬೀಡಿಯ ಕಿಡಿಗಳು ಕಾಣುತ್ತಿದ್ದವು. ಅಪ್ಪ ಅವರ ಹತ್ತಿರ ಹೋಗಿ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಹೋಗಿ ಪಕ್ಕದಲ್ಲೇ ಕುಳಿತರು. ಒಬ್ಬರ ಮಗಳ ಮದುವೆಯ ವಿಷಯ ಮಾತಾಡಿದರು, ಆಲೆಮನೆ ಶುರುವಾದ ವಿಷಯ ಮಾತಾಡಿದರು. ಅರ್ಧ ಗಂಟೆಯಾದ ಮೇಲೆ ಎದ್ದು, ಏನೂ ಹೇಳದೆ, ತೂಬಿನ ಬಾಯಿಗೆ ತುರುಕಿದ್ದ ಕಲ್ಲು, ಗೋಣಿಚೀಲಗಳನ್ನು ಕಿತ್ತು ಎಸೆದರು. ಆ ಇಬ್ಬರೂ ನೋಡುತ್ತಾ ಕುಳಿತಿದ್ದರು. ವಾಪಸು ಬರುವಾಗ ನಮ್ಮ ಪಕ್ಕದ ಕಾಲುವೆಯಲ್ಲಿ ನೀರು ನಮ್ಮ ಜೊತೆಗೇ ಬರುತ್ತಿತ್ತು. ಬೆಳಿಗ್ಗೆ ಆ ಇಬ್ಬರಲ್ಲಿ ಒಬ್ಬರು ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕುಳಿತು ಬಹಳ ಹೊತ್ತು ಬೈದು, ಕಾಫಿ ಕುಡಿದು ಹೋದರು.

ಆ ರಾತ್ರಿ ನಾನು ನಡೆದದ್ದೂ ನಾಲೆಯ ಏರಿಯ ಮೇಲೆಯೇ. ಚಂದ್ರ ಇದ್ದನೋ ಇಲ್ಲವೋ ನೆನಪಿಲ್ಲ, ನೋಡಲು ಪುರುಸೊತ್ತಿರಲಿಲ್ಲ. ಹಾರ್ಪರ್ಸ್ ಫೆರಿಯ ಏರಿಯಲ್ಲಿ ನನಗೆ ಎಲ್ಲವನ್ನೂ ನೋಡಲು ಪುರುಸೊತ್ತಿದೆ: ಹಕ್ಕಿ, ಎಲೆಯ ಬಣ್ಣ, ಲಾಕ್‌ನ ಕಲ್ಲಿನ ಮೇಲಿನ ಉಳಿಯ ಗುರುತು. ಯಾಕೆಂದರೆ ಅಲ್ಲಿನ ಕೆಲಸ ಮುಗಿದು ನೂರು ವರ್ಷವಾಗಿದೆ. ದಾರಿಯೊಂದು ವಿಹಾರಕ್ಕೆ ಸಿಗಬೇಕಾದರೆ ಮೊದಲು ಅದರಿಂದ ಯಾರದೋ ದುಡಿಮೆ ಎದ್ದು ಹೋಗಿರಬೇಕು. ಸೇತುವೆಯ ಆ ಕಡೆ ಗೆದ್ದ ರೈಲಿನ ಹಳಿಗಳಿವೆ, ಅವುಗಳ ಮೇಲೆ ನಡೆದರೆ ಪೊಲೀಸರು ಹಿಡಿಯುತ್ತಾರೆ. ಮಂಡ್ಯದ ನಾಲೆಯ ಏರಿಯನ್ನೂ ಹೀಗೆ ಸುಂದರ ಕಾಲುದಾರಿ ಮಾಡಬಹುದಲ್ಲ ಎಂದು ಇಲ್ಲಿನ ಕನ್ನಡದ ಗೆಳೆಯರು ಆಗಾಗ ಹೇಳುವುದುಂಟು. ಆ ಮಾತಿಗೆ ನಾನೂ ಒಂದು ಕಾಲದಲ್ಲಿ ಹೂಂಗುಟ್ಟಿದ್ದೇನೆ. ಈಗ ಕೇಳಿದರೆ ಮೈ ಉರಿಯುತ್ತದೆ. ಅಲ್ಲಿ ಬೇಕಾಗಿರುವುದು ಬೆಂಚುಗಳಲ್ಲ, ತಡೆಗೋಡೆ. 2018ರ ನವೆಂಬರ್‌ನಲ್ಲಿ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ನಾಲೆಗೆ ಉರುಳಿ 30 ಜನ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳಿದ್ದರು. ಇನ್ನು ವಿಹಾರದ ವಿಷಯಕ್ಕೆ ಬಂದರೆ, ನಾವು ಅದನ್ನು ನಾಲೆಯ ಮೊದಲಿನಲ್ಲೇ, ಬೃಂದಾವನದ ಕಾರಂಜಿಗಳ ಹತ್ತಿರ ಮುಗಿಸಿಕೊಂಡುಬಿಟ್ಟಿದ್ದೇವೆ. ಪ್ರವಾಸಿಗಳಿಗೆ ನೀರು ಕುಣಿಯುವುದು ಕಾಣುತ್ತದೆ. ಕೊನೆ ಭಾಗದವರಿಗೆ ಅದು ತೆವಳುವುದು ಕಂಡರೆ ಸಾಕು.

ಬಂಡೆಯ ಮೇಲೆ

ಬೆಟ್ಟದ ದಾರಿ ಮೊದಲರ್ಧ ಅಗಲವಾಗಿಯೂ ಕಡಿದಾಗಿಯೂ ಇದೆ. ಅಂತರ್ಯುದ್ಧದ ಕಾಲದಲ್ಲಿ ಫಿರಂಗಿ ಎಳೆದು ಸಾಗಿಸಿದ ರಸ್ತೆ ಅದು. ಈಗಿನ ದಟ್ಟ ಕಾಡು ಆಗ ಇರಲಿಲ್ಲ. ಇದ್ದಿಲಿಗೆಂದು, ಆಮೇಲೆ ಫಿರಂಗಿಗಳಿಗೆ ನೋಟ ತೆರವಾಗಲೆಂದು ಮರಗಳನ್ನು ಕಡಿದಿದ್ದರು. ಅಪ್ಪನಿಗೆ ಎಪ್ಪತ್ತು ದಾಟಿದೆ. ನನ್ನ ಹಳೆಯ ಬೂಟು ಹಾಕಿಕೊಂಡು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗದ್ದೆಯ ಬದುವಿನ ಮೇಲೆ ನಡೆಯುವ ವೇಗದಲ್ಲೇ ಹತ್ತಿದರು. ಎರಡೂ ಕೈಯಲ್ಲಿ ಊರುಗೋಲು ಹಿಡಿದು ನಮ್ಮನ್ನು ದಾಟಿ ಹೋದ ಯುವಕರು ಮುಂದಿನ ತಿರುವಿನಲ್ಲಿ ಏದುಸಿರು ಬಿಡುತ್ತಾ ನಿಂತಿರುತ್ತಿದ್ದರು. ಅಪ್ಪ ಅವರಿಗೆಲ್ಲ ಕನ್ನಡದಲ್ಲೇ "ನಿಧಾನ" ಎಂದು ಹೇಳಿ ಮುಂದೆ ಹೋಗುತ್ತಿದ್ದರು.

ಕೊನೆಗೆ ದಾರಿ ಇಳಿಯತೊಡಗುತ್ತದೆ, ಮರಗಳು ಮುಗಿಯುತ್ತವೆ, ಬಂಡೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಕಟಾಂಜನ ಇಲ್ಲ. ಎದುರಿಗೆ ಎರಡು ನದಿಗಳು ಕೂಡುವ ಜಾಗ, ಅದರ ಚೂಪು ತುದಿಯಲ್ಲಿ ಊರು. ಈ ಸಂಗಮವನ್ನು 1783ರಲ್ಲಿ ನೋಡಿದ ಥಾಮಸ್ ಜೆಫರ್ಸನ್, ಇದೊಂದು ನೋಟಕ್ಕಾಗಿ ಅಟ್ಲಾಂಟಿಕ್ ದಾಟಿ ಬರಬಹುದು ಎಂದು ಬರೆದ. ಅವನು ನೋಡಿದ್ದು ಊರಿನ ಕಡೆಯ ಇನ್ನೊಂದು ಬಂಡೆಯಿಂದ. ನನ್ನ ಮಟ್ಟಿಗೆ ಈ ಕಡೆಯ ನೋಟವೇ ಹೆಚ್ಚು, ಯಾಕೆಂದರೆ ಇಲ್ಲಿಂದ ನೋಡಿದರೆ ಜಗಳಗಳ ನಕಾಶೆಯೇ ಕಾಣುತ್ತದೆ. 1859ರ ಅಕ್ಟೋಬರ್ 16ರ ರಾತ್ರಿ ಗುಲಾಮಗಿರಿಯ ವಿರುದ್ಧ ದಂಗೆ ಎಬ್ಬಿಸಲು ಜಾನ್ ಬ್ರೌನ್ ತನ್ನ ಜನರೊಂದಿಗೆ ಬಂದದ್ದು ಈ ಬೆಟ್ಟದ ಬುಡದ ರಸ್ತೆಯಲ್ಲೇ, ರೈಲು ಸೇತುವೆ ದಾಟಿಯೇ. ಅವರ ಗುಂಡಿಗೆ ಮೊದಲು ಬಲಿಯಾದವನು ರೈಲು ನಿಲ್ದಾಣದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಸ್ವತಂತ್ರ ಕಪ್ಪು ಮನುಷ್ಯ. 1862ರ ಸೆಪ್ಟೆಂಬರ್‌ನಲ್ಲಿ ದಕ್ಷಿಣದ ಸೇನೆ ಈ ಎತ್ತರವನ್ನು ಹಿಡಿದುಕೊಂಡಿತು. ಎರಡು ದಿನಕ್ಕೆ ಕೆಳಗಿದ್ದ ಉತ್ತರದ ಹನ್ನೆರಡು ಸಾವಿರಕ್ಕೂ ಹೆಚ್ಚು ಸೈನಿಕರು ಶರಣಾದರು. ಮೇಲೆ ನಿಂತರೆ ಕಾರಣ ಯಾರೂ ಹೇಳಬೇಕಾಗಿಲ್ಲ. ಎತ್ತರ ಯಾರ ಕೈಯಲ್ಲಿದೆಯೋ ಕೆಳಗಿನವರ ಹಣೆಬರಹ ಅವರ ಕೈಯಲ್ಲಿ ಎಂಬುದನ್ನು ಕೊನೆ ಭಾಗದ ರೈತನಿಗಿಂತ ಚೆನ್ನಾಗಿ ಬಲ್ಲವರು ಯಾರು? (ಇದೇ ಬಂಡೆಯ ಮುಖದ ಮೇಲೆ ನೂರು ವರ್ಷಕ್ಕೂ ಹಿಂದೆ ಯಾರೋ ಮೆನ್ನೆನ್ ಟಾಲ್ಕಂ ಪೌಡರಿನ ಜಾಹೀರಾತು ಬರೆಸಿದ್ದರು. ರೈಲಿನ ಪ್ರಯಾಣಿಕರಿಗೆ ಕಾಣಲೆಂದು. ಪೇಟೆಯಿಂದ ನೋಡಿದರೆ ಮಾಸಿದ ಅಕ್ಷರಗಳು ಈಗಲೂ ಕಾಣುತ್ತವೆ. ಯುದ್ಧದ ಎಷ್ಟೋ ಗುರುತು ಅಳಿಸಿ ಹೋಗಿವೆ, ಪೌಡರು ಉಳಿದಿದೆ.)

ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಕೆಳಗೆ ಕಲ್ಲಿದ್ದಲು ತುಂಬಿದ ಗೂಡ್ಸ್ ರೈಲೊಂದು ನಮ್ಮ ಬಂಡೆಯ ಹೊಟ್ಟೆಯೊಳಗಿನ ಸುರಂಗದ ಕಡೆಗೆ ಸೇತುವೆಯ ಮೇಲೆ ಬರುತ್ತಿತ್ತು. ಕಾಲುವೆ ಮಾತ್ರ ಕಾಣಲಿಲ್ಲ, ಎಲೆಗಳ ಮರೆಯಲ್ಲಿತ್ತು. ಅಪ್ಪ ಅದನ್ನೇ ಹುಡುಕುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಅದನ್ನು ಮುಚ್ಚಿ ರಸ್ತೆ ಮಾಡಬಹುದಿತ್ತಲ್ಲ ಎಂದರು. ಮಾಡಲು ಹೊರಟಿದ್ದರು ಎಂದು ವಿಲಿಯಂ ಡಗ್ಲಸ್ ಕತೆ ಹೇಳಿದೆ. 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಕಾಲುವೆಯ ಗುಂಟ ವಾಹನಗಳ ರಸ್ತೆ ಆಗಲಿ ಎಂದು ಸಂಪಾದಕೀಯ ಬರೆಯಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಡಗ್ಲಸ್, ಬರೆದವರು ಒಮ್ಮೆ ನನ್ನ ಜೊತೆ ಪೂರ್ತಿ ನಡೆದು ನೋಡಲಿ ಎಂದು ಪತ್ರ ಬರೆದರು. ಮಾರ್ಚ್‌ನಲ್ಲಿ ಕಂಬರ್ಲ್ಯಾಂಡ್‌ನಿಂದ ದೊಡ್ಡ ಗುಂಪು ಹೊರಟಿತು, ಡಗ್ಲಸ್ ಸೇರಿ ಒಂಬತ್ತು ಮಂದಿ ಪೂರ್ತಿ ದೂರ ನಡೆದರು. ಪತ್ರಿಕೆ ನಿಲುವು ಬದಲಿಸಿತು. 1971ರಲ್ಲಿ ಇಡೀ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಜಡ್ಜ್ ಕೆಲಸದಲ್ಲಿರುವಾಗಲೇ ಎಂಟೊಂಬತ್ತು ದಿನ ನಡೆದರೇ, ರಜೆ ಯಾರು ಕೊಟ್ಟರು ಎಂಬುದು ಅಪ್ಪನ ಪ್ರಶ್ನೆ. ಸೋತ ಕಾಲುವೆಯಿಂದ ಇಷ್ಟು ಜನಕ್ಕೆ ದಾರಿ ಸಿಕ್ಕಿತು ನೋಡಿ ಎಂದು ನಾನು ಸ್ವಲ್ಪ ಭಾವುಕನಾಗಿ ಹೇಳಿದೆ. ಅವರು ಡಬ್ಬಿ ಒರೆಸುತ್ತಾ, "ನಡೆಯುವವರಿಗೆ ಸಿಕ್ಕಿತು. ದೋಣಿಯವರು ಎಲ್ಲಿ ಹೋದರು?" ಎಂದರು.

ಇಳಿದು ಬಂದಾಗ ಮಧ್ಯಾಹ್ನ ಇಳಿಹೊತ್ತು. 33ನೇ ಲಾಕ್‌ನ ಹತ್ತಿರ ಉದ್ಯಾನದ ಸಿಬ್ಬಂದಿಯೊಬ್ಬರು ಕೆಲವರಿಗೆ ಏನೋ ವಿವರಿಸುತ್ತಿದ್ದರು. ಎರಡು ತುದಿಗೂ ಬಾಗಿಲಿದ್ದ ಕಲ್ಲಿನ ತೊಟ್ಟಿ, ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ಮೇಲಿನಿಂದ ನೀರು ತುಂಬಿಸಿದರೆ ದೋಣಿ ತಾನಾಗಿಯೇ ಏಳುತ್ತದೆ. ಅಪ್ಪನಿಗೆ ಅದು ನೋಡಿದೊಡನೆ ತಿಳಿದಿತ್ತು. ಅವರಿಗೆ ಬೇಕಾದದ್ದು ಬಾಗಿಲು ತೆರೆಯುತ್ತಿದ್ದವರ ವಿಷಯ, ನಾನು ದುಭಾಷಿ. ಲಾಕ್ ನೋಡಿಕೊಳ್ಳುವವನಿಗೆ ಶುರುವಿನ ಕಾಲದಲ್ಲಿ ವರ್ಷಕ್ಕೆ ನೂರೈವತ್ತು ಡಾಲರ್ ಆಸುಪಾಸು ಸಂಬಳ, ಇರಲು ಮನೆ, ತರಕಾರಿ ಬೆಳೆದುಕೊಳ್ಳಲು ಒಂದಿಷ್ಟು ನೆಲ. ಹಗಲು ರಾತ್ರಿ ಎನ್ನದೆ ದೋಣಿಯವರು ಕೊಂಬು ಊದಿದಾಗ ಎದ್ದು ಬರಬೇಕು. "ನೀರುಗಂಟಿ" ಎಂದರು ಅಪ್ಪ. ನಮ್ಮ ಉಪನಾಲೆಯ ನೀರುಗಂಟಿ ಗುತ್ತಿಗೆಯ ಮೇಲೆ ಇರುವವನು, ಅವನ ಸಂಬಳ ತಿಂಗಳುಗಟ್ಟಲೆ ತಡವಾಗುತ್ತದೆ, ಮನೆಯಂತೂ ಇಲ್ಲ. ಇದನ್ನೆಲ್ಲ ಆ ಸಿಬ್ಬಂದಿಗೆ ಹೇಳು ಎಂದರು. ಹೇಳಿದೆ. ಆಕೆ ನಿಜವಾಗಿಯೂ ಆಸಕ್ತಿಯಿಂದ ಕೇಳಿಸಿಕೊಂಡರು.

"ಎರಡು ಕಡೆಯಿಂದಲೂ ಒಟ್ಟಿಗೆ ದೋಣಿ ಬಂದರೆ ಯಾರು ಮೊದಲು?" ಎಂದು ಕೇಳಿಸಿದರು. ಅದಕ್ಕೆ ನಿಯಮಗಳಿದ್ದವು, ಆದರೂ ಲಾಕ್‌ಗಳ ಹತ್ತಿರ ಯಾರು ಮೊದಲು ಎಂದು ದೋಣಿಯವರ ನಡುವೆ ಕೈಕೈ ಮಿಲಾಯಿಸುವುದು ಮಾಮೂಲಾಗಿತ್ತು ಎಂದರು ಆಕೆ. ಅಪ್ಪನ ಮುಖ ಆ ದಿನ ಮೊದಲ ಬಾರಿಗೆ ಅರಳಿತು. "ಹಾಗಾದರೆ ಇದು ನಾಲೆಯೇ" ಎಂದರು. ಆಮೇಲೆ ಅಲ್ಲಿಂದ ಅವರನ್ನು ಎಬ್ಬಿಸುವುದು ಕಷ್ಟವಾಯಿತು. ಲಾಕ್‌ನ ಕಲ್ಲಿನ ಅಂಚಿನ ಮೇಲೆ ಕುಳಿತು ಒಂದೊಂದಾಗಿ ಕೇಳುತ್ತಾ ಹೋದರು. ಏರಿ ಒಡೆದರೆ ಯಾರ ಖರ್ಚು, ಕಳ್ಳತನದಿಂದ ನೀರು ತಿರುಗಿಸಿಕೊಂಡವರು ಇರಲಿಲ್ಲವೇ, ನಿಯಮ ಮುರಿದರೆ ಏನು ಮಾಡುತ್ತಿದ್ದರು. ನಿಯಮ ಮುರಿದವರಿಗೆ ಕಂಪನಿ ದಂಡ ಹಾಕುತ್ತಿತ್ತು ಎಂದು ಆಕೆ ಹೇಳಿದರು.

"ಹಾಕುವುದು ಎಲ್ಲರೂ ಹಾಕುತ್ತಾರೆ," ಎಂದರು ಅಪ್ಪ. "ವಸೂಲಾಗುತ್ತಿತ್ತೇ ಎಂದು ಕೇಳು."